ಹಿನ್ನೀರು ಸೃಷ್ಟಿಸಿದ ನಡುಗಡ್ಡೆ

ಸಾಗರ ಪಟ್ಟಣದಿಂದ ಸಿಗಂದೂರಿಗೆ ಹೊರಟ ಯಾತ್ರಿಕರು ಆವಿನಹಳ್ಳಿಯನ್ನು ದಾಟಿ ಹೊಳೆಬಾಗಿಲು ಎಂಬಲ್ಲಿಗೆ ಬರುತ್ತಿದ್ದರು. ರಸ್ತೆ ಅಲ್ಲಿ ನೇರವಾಗಿ ನೀರಿನೊಳಕ್ಕೆ ಇಳಿದು ಮಾಯವಾಗುತ್ತಿತ್ತು. ಎದುರಿಗೆ ವಿಶಾಲವಾದ ಶರಾವತಿ ಹಿನ್ನೀರು, ಅದರಾಚೆ ಕಳಸವಳ್ಳಿಯ ದಡ. ಬಸ್ಸು, ಜೀಪು, ಮೋಟಾರು ಸೈಕಲ್ಲು, ಮೂಟೆ, ಮನುಷ್ಯರು ಎಲ್ಲವನ್ನೂ ಒಟ್ಟಿಗೆ ಹೊತ್ತು ಸಾಗಿಸುವ ಲಾಂಚ್ ಬರುವವರೆಗೆ ಕಾಯಬೇಕು. ಯಾತ್ರಿಕರಿಗೆ ಅದೊಂದು ಮೋಜಿನ ಪಯಣ. ಆಚೆ ದಡದ ತುಮರಿ ಮತ್ತು ಸುತ್ತಲಿನ ಹಳ್ಳಿಗಳವರಿಗೆ ಮಾತ್ರ ಅದು ದಿನದ ಬದುಕು. ಸಂಜೆಯ ಕೊನೆಯ ಲಾಂಚ್ ತಪ್ಪಿತೆಂದರೆ ಬೆಳಗಿನವರೆಗೆ ಅವರ ಮನೆಗೂ ತಾಲ್ಲೂಕು ಕೇಂದ್ರಕ್ಕೂ ಸಂಪರ್ಕ ಮುಗಿಯಿತೆಂದೇ ಅರ್ಥ.

2025ರ ಜುಲೈ 14ರಂದು ಈ ಹಿನ್ನೀರಿನ ಮೇಲೆ ಎರಡು ಕಿಲೋಮೀಟರಿಗೂ ಹೆಚ್ಚು ಉದ್ದದ ತೂಗುಕಂಬಿ ಸೇತುವೆ ಸಂಚಾರಕ್ಕೆ ತೆರೆಯಿತು. ಅಂದಿಗೆ ಆ ನೀರು ನಿಂತು ಅರವತ್ತು ವರ್ಷ ಕಳೆದಿತ್ತು. ನೀರು ನಿಲ್ಲುವುದಕ್ಕೆ ಮೊದಲು ಅಲ್ಲಿ ದ್ವೀಪವೂ ಇರಲಿಲ್ಲ, ದಡವೂ ಇರಲಿಲ್ಲ. ಮಲೆನಾಡಿನ ಬೇರೆಲ್ಲ ಕಡೆಯಂತೆ ಗುಡ್ಡ, ಗುಡ್ಡದ ಬುಡದಲ್ಲಿ ಮನೆ, ಮನೆಯ ಮುಂದೆ ಗದ್ದೆ, ಗದ್ದೆಯ ಆಚೆ ಹೊಳೆ ಇದ್ದವು. ಆ ಹೊಳೆಯೇ ಏರಿ ಬಂದು ಗುಡ್ಡಗಳನ್ನು ನಡುಗಡ್ಡೆಗಳನ್ನಾಗಿ ಮಾಡಿತು. ಆದ್ದರಿಂದ ತುಮರಿ ಸೀಮೆ ಮನುಷ್ಯ ನಿರ್ಮಿತ ದ್ವೀಪವೇ. ಮನುಷ್ಯ ಇಲ್ಲಿ ನಿರ್ಮಿಸಿದ್ದು ನೆಲವನ್ನಲ್ಲ, ನೀರನ್ನು ಎಂಬುದಷ್ಟೇ ವ್ಯತ್ಯಾಸ.

ದ್ವೀಪ ಮಾಡುವ ಎರಡು ವಿಧಾನ

ಜಗತ್ತಿನಲ್ಲಿ ಕೃತಕ ದ್ವೀಪಗಳು ಹೊಸತೇನಲ್ಲ. ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳಲ್ಲಿ ಮಲೈಟಾ ಎಂಬ ದೊಡ್ಡ ದ್ವೀಪವಿದೆ. ಅದರ ಅಂಚಿನ ಲಾವು ಎಂಬ ಹಿನ್ನೀರಿನ ಕಡಲಿನಲ್ಲಿ ಅಲ್ಲಿಯ ಜನ ಹವಳದ ಕಲ್ಲುಗಳನ್ನು ದೋಣಿಯಲ್ಲಿ ತಂದು, ಆಳವಿಲ್ಲದ ನೀರಿನಲ್ಲಿ ಒಂದರ ಮೇಲೊಂದು ಪೇರಿಸಿ, ಹತ್ತಾರು ಪುಟ್ಟ ದ್ವೀಪಗಳನ್ನು ಕಟ್ಟಿಕೊಂಡು ತಲೆಮಾರುಗಳಿಂದ ವಾಸವಾಗಿದ್ದಾರೆ. ದಡದ ಸೊಳ್ಳೆಗಳಿಂದ ದೂರ, ಶತ್ರುಗಳ ದಾಳಿಯಿಂದ ದೂರ, ಮೀನಿಗೆ ಹತ್ತಿರ ಎಂಬುದು ಅವರ ಲೆಕ್ಕಾಚಾರ. ನಮ್ಮ ನೆರೆಯ ಕೊಚ್ಚಿಯಲ್ಲಿ ರಾಬರ್ಟ್ ಬ್ರಿಸ್ಟೊ ಎಂಬ ಎಂಜಿನಿಯರು ಬಂದರನ್ನು ಆಳ ಮಾಡಲು ತೆಗೆದ ಹೂಳನ್ನೇ ರಾಶಿ ಹಾಕಿಸಿ ಹಿನ್ನೀರಿನ ನಡುವೆ ವಿಲ್ಲಿಂಗ್ಡನ್ ದ್ವೀಪವನ್ನು ನಿರ್ಮಿಸಿದರು. ರೈಲು, ನೌಕಾನೆಲೆ, ಹೋಟೆಲು ಎಲ್ಲವೂ ಅದರ ಮೇಲೆ ಬಂದವು.

ಇದು ನೀರಿನಲ್ಲಿ ನೆಲ ಕಟ್ಟುವ ವಿಧಾನ. ಇನ್ನೊಂದು, ನೆಲದ ಸುತ್ತ ನೀರು ತರುವುದು. ಪನಾಮಾ ಕಾಲುವೆಗಾಗಿ ಚಾಗ್ರೆಸ್ ನದಿಗೆ ಅಣೆಕಟ್ಟು ಕಟ್ಟಿದಾಗ ಗಾಟುನ್ ಎಂಬ ಸರೋವರ ತುಂಬಿ, ಒಂದು ಬೆಟ್ಟದ ನೆತ್ತಿ ಬಾರೊ ಕೊಲೊರಾಡೊ ಎಂಬ ದ್ವೀಪವಾಯಿತು. ಇಂದು ಅದು ಕಾಡಿನ ಅಧ್ಯಯನಕ್ಕೆ ಲೋಕಪ್ರಸಿದ್ಧವಾದ ಕೇಂದ್ರ. ಕೃಷ್ಣಾ ನದಿಯ ನಾಗಾರ್ಜುನಸಾಗರದಲ್ಲಿ ನಾಗಾರ್ಜುನಕೊಂಡದ ಬೆಟ್ಟ ಹೀಗೆಯೇ ದ್ವೀಪವಾಯಿತು. ಮುಳುಗಡೆಯಾದ ಕಣಿವೆಯ ಬೌದ್ಧ ಅವಶೇಷಗಳನ್ನು ಅದರ ಮೇಲಕ್ಕೆ ಸಾಗಿಸಿ ವಸ್ತುಸಂಗ್ರಹಾಲಯ ಮಾಡಲಾಯಿತು.

ಲಾವು ಜನ ತಮ್ಮ ದ್ವೀಪವನ್ನು ತಾವೇ ಬೇಕೆಂದು ಕಟ್ಟಿದರು. ಬಾರೊ ಕೊಲೊರಾಡೊ ವಿಜ್ಞಾನಿಗಳಿಗೆ ದೊರಕಿತು. ಶರಾವತಿ ಕಣಿವೆಯಲ್ಲಿ ಮಾತ್ರ ದ್ವೀಪ ಜನರನ್ನು ಕೇಳಿ ಬರಲಿಲ್ಲ. ಮನೆಯಲ್ಲಿ ಇದ್ದವರು ಇದ್ದಂತೆಯೇ ದ್ವೀಪವಾಸಿಗಳಾದರು.

ಎರಡು ಬಾರಿ ಏರಿದ ನೀರು

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಪಶ್ಚಿಮಕ್ಕೆ ಹರಿದು ಜೋಗದಲ್ಲಿ ಸುಮಾರು 830 ಅಡಿ ಧುಮುಕಿ ಹೊನ್ನಾವರದ ಬಳಿ ಸಮುದ್ರ ಸೇರುತ್ತದೆ. ಇಷ್ಟು ಎತ್ತರದಿಂದ ಬೀಳುವ ನೀರಿನಲ್ಲಿ ವಿದ್ಯುತ್ತಿದೆ ಎಂಬುದು ಮೈಸೂರು ಸಂಸ್ಥಾನದ ಎಂಜಿನಿಯರುಗಳಿಗೆ ಬಹಳ ಹಿಂದೆಯೇ ತಿಳಿದಿತ್ತು. ತೊಡಕು ಇದ್ದದ್ದು ಒಂದೇ. ಮಲೆನಾಡಿನ ಮಳೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದು ಮುಗಿಯುತ್ತದೆ. ಬೇಸಿಗೆಯ ಹೊತ್ತಿಗೆ ಜೋಗದ ಧಾರೆ ಎಳೆಯಾಗಿ ಬಂಡೆಗೆ ಅಂಟಿಕೊಂಡಿರುತ್ತದೆ. ನಾಲ್ಕು ತಿಂಗಳ ಮಳೆಯನ್ನು ಹನ್ನೆರಡು ತಿಂಗಳ ವಿದ್ಯುತ್ತಾಗಿ ಮಾಡಬೇಕಾದರೆ ಮೇಲೆಲ್ಲೋ ಅದನ್ನು ತಡೆದು ನಿಲ್ಲಿಸಲೇಬೇಕು.

ಮೊದಲು ಕಟ್ಟಿದ್ದು ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು. ಯೋಜನೆಗೆ 1939ರಲ್ಲಿ ಅಡಿಗಲ್ಲು ಬಿದ್ದಿತು. ಯುದ್ಧಕಾಲದ ಅಡೆತಡೆಗಳನ್ನು ದಾಟಿ 1948ರಲ್ಲಿ ಜೋಗದ ವಿದ್ಯುದಾಗಾರ ಕೆಲಸ ಆರಂಭಿಸಿತು. ಇಂದು ಅದಕ್ಕೆ ಮಹಾತ್ಮಾ ಗಾಂಧಿ ಜಲವಿದ್ಯುದಾಗಾರ ಎಂಬ ಹೆಸರಿದೆ. ಅಂದು ಅದರ ಸಾಮರ್ಥ್ಯ 120 ಮೆಗಾವಾಟ್. ಹೆಚ್ಚುವರಿ ನೀರನ್ನು ತಾನೇ ಎಳೆದು ಹೊರಹಾಕುವ, ಎಂಜಿನಿಯರ್ ಗಣೇಶ ಅಯ್ಯರ್ ರೂಪಿಸಿದ ಸೈಫನ್‌ಗಳು ಈ ಅಣೆಕಟ್ಟಿನ ವೈಶಿಷ್ಟ್ಯವಾಗಿದ್ದವು. ಇದರ ಹಿಂದೆ ನಿಂತ ನೀರಿಗೆ ಮೊದಲ ಸುತ್ತಿನ ಹಳ್ಳಿಗಳು ಹೋದವು. ಅಲ್ಲಿಯವರಲ್ಲಿ ಕೆಲವರು ಮುಳುಗಿದ ಜಮೀನಿನಿಂದ ಸ್ವಲ್ಪ ಮೇಲಕ್ಕೆ ಸರಿದು ಹೊಸ ಮನೆ ಕಟ್ಟಿಕೊಂಡರು.

ಸ್ವಾತಂತ್ರ್ಯಾನಂತರ ವಿದ್ಯುತ್ತಿನ ಬೇಡಿಕೆ ಬೆಳೆಯಿತು. ಬೆಂಗಳೂರು, ಭದ್ರಾವತಿಗಳ ಕಾರ್ಖಾನೆಗಳಿಗೆ 120 ಮೆಗಾವಾಟ್ ಯಾವ ಮೂಲೆಗೂ ಸಾಲದಾಯಿತು. ಜೋಗಕ್ಕೆ ಹತ್ತಿರದ ಲಿಂಗನಮಕ್ಕಿಯಲ್ಲಿ ಇನ್ನೂ ದೊಡ್ಡ ಅಣೆಕಟ್ಟು ಕಟ್ಟಲು ನಿರ್ಧಾರವಾಗಿ 1964ರಲ್ಲಿ ಅದು ಮುಗಿಯಿತು. ಸಮುದ್ರಮಟ್ಟದಿಂದ 1819 ಅಡಿಯವರೆಗೆ ನೀರು ನಿಲ್ಲಿಸಬಲ್ಲ, ಸುಮಾರು 151 ಟಿಎಂಸಿ ಅಡಿ ನೀರು ಹಿಡಿಯುವ ಜಲಾಶಯ ಇದು. ಲಿಂಗನಮಕ್ಕಿಯ ನೀರು ಕಾಲುವೆಯ ಮೂಲಕ ತಳಕಳಲೆ ಜಲಾಶಯಕ್ಕೆ ಹೋಗಿ, ಅಲ್ಲಿಂದ ಭಾರೀ ಕೊಳವೆಗಳಲ್ಲಿ ಘಟ್ಟದ ಕೆಳಗಿನ ಶರಾವತಿ ವಿದ್ಯುದಾಗಾರಕ್ಕೆ ಇಳಿಯುತ್ತದೆ. 1965ರಿಂದ 1977ರವರೆಗೆ ಒಂದೊಂದಾಗಿ ಅಲ್ಲಿ ಹತ್ತು ಯಂತ್ರಗಳು ಚಾಲನೆಗೊಂಡವು. ಒಟ್ಟು ಸಾಮರ್ಥ್ಯ 1035 ಮೆಗಾವಾಟ್.

ಹೊಸ ಜಲಾಶಯ ತುಂಬಿದಾಗ ಹಳೆಯ ಹಿರೇಭಾಸ್ಕರ ಅಣೆಕಟ್ಟೇ ಅದರೊಳಗೆ ಮುಳುಗಿಹೋಯಿತು. ಮೊದಲ ಮುಳುಗಡೆಯಲ್ಲಿ ಮೇಲಕ್ಕೆ ಸರಿದಿದ್ದವರ ಮನೆಬಾಗಿಲಿಗೆ ನೀರು ಎರಡನೆಯ ಸಲ ಬಂತು. ಒಂದೇ ಜೀವಮಾನದಲ್ಲಿ ಎರಡು ಬಾರಿ ಒಕ್ಕಲೆದ್ದವರು ಶರಾವತಿ ಕಣಿವೆಯಲ್ಲಿ ಇದ್ದರು.

ಗದ್ದೆ ಹೋಯಿತು, ಗುಡ್ಡ ಉಳಿಯಿತು

ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಇಷ್ಟೊಂದು ನಡುಗಡ್ಡೆಗಳು ಉಂಟಾಗಲು ಕಾರಣ ಅಲ್ಲಿಯ ನೆಲದ ರಚನೆ. ಕಡಿದಾದ ಕಮರಿಯಲ್ಲಿ ಅಣೆಕಟ್ಟು ಕಟ್ಟಿದರೆ ನೀರು ಆಳವಾಗಿ, ಕಿರಿದಾಗಿ ನಿಲ್ಲುತ್ತದೆ. ಜೋಗದ ಮೇಲಿನ ಶರಾವತಿ ಕಣಿವೆ ಹಾಗಲ್ಲ. ಅದು ಅಗಲವಾದ, ಏರಿಳಿತದ ಸೀಮೆ. ನೀರು ಕೆಲವು ಅಡಿ ಏರಿದರೂ ಮೈಲುಗಟ್ಟಲೆ ಹರಡುತ್ತದೆ, ಪ್ರತಿ ಹಳ್ಳದ ಒಳಕ್ಕೂ ಬೆರಳಿನಂತೆ ಚಾಚಿಕೊಳ್ಳುತ್ತದೆ. ಜಲಾಶಯ ತುಂಬಿದಾಗ ನೀರಿನ ಹರವು ಸುಮಾರು 300 ಚದರ ಕಿಲೋಮೀಟರು. ಅದರೊಳಗೆ ತಲೆ ಎತ್ತಿ ನಿಂತ ಗುಡ್ಡಗಳೆಲ್ಲ ದ್ವೀಪಗಳಾದವು. ಹೊನ್ನೆಮರಡುವಿನ ಬಳಿ ಜಲಕ್ರೀಡೆಗೆ ಹೋಗುವವರು ದೋಣಿಯಲ್ಲಿ ಮುಟ್ಟುವ ನಡುಗಡ್ಡೆ ಇಂಥದ್ದೇ ಒಂದು.

ಮಲೆನಾಡಿನ ಬೇಸಾಯದಲ್ಲಿ ಎತ್ತರಕ್ಕೂ ಆಸ್ತಿಯ ಬೆಲೆಗೂ ನೇರ ಸಂಬಂಧವಿದೆ. ಕಣಿವೆಯ ತಳದಲ್ಲಿ ಮಣ್ಣು ಆಳವಾಗಿ, ನೀರು ಸಮೃದ್ಧವಾಗಿರುವ ಭತ್ತದ ಗದ್ದೆ. ಅದಕ್ಕೆ ತಾಗಿ ಅಡಿಕೆ ತೋಟ. ಸ್ವಲ್ಪ ಮೇಲೆ ಮನೆ, ಕೊಟ್ಟಿಗೆ. ಅದಕ್ಕೂ ಮೇಲೆ ಸೊಪ್ಪು, ದರಕು ತರುವ ಬೆಟ್ಟ ಮತ್ತು ಕಾಡು. ಏರುವ ನೀರು ಮೊದಲು ಗದ್ದೆಯನ್ನು, ಆಮೇಲೆ ತೋಟವನ್ನು, ಆಮೇಲೆ ಮನೆಯನ್ನು ತೆಗೆದುಕೊಂಡಿತು. ಬೆಟ್ಟವನ್ನು ಬಿಟ್ಟಿತು. ಅನ್ನ ಕೊಡುವ ನೆಲವೆಲ್ಲ ಹೋಗಿ, ಗೊಬ್ಬರಕ್ಕೆ ಸೊಪ್ಪು ಕೊಡುತ್ತಿದ್ದ ಗುಡ್ಡ ಉಳಿಯಿತು. ದ್ವೀಪವಾಗಿ ನಿಂತದ್ದು ಆ ಉಳಿಕೆ.

ತುಮರಿ ಇರುವ ಕರೂರು ಮತ್ತು ಬಾರಂಗಿ ಸೀಮೆ ಭೂಗೋಳದ ಕಟ್ಟುನಿಟ್ಟಿನ ಅರ್ಥದಲ್ಲಿ ಪೂರ್ಣ ದ್ವೀಪವಲ್ಲ. ಮೂರು ಕಡೆ ಹಿನ್ನೀರು, ಇನ್ನೊಂದು ಕಡೆ ಸಹ್ಯಾದ್ರಿಯ ದಟ್ಟ ಕಾಡು ಮತ್ತು ಘಟ್ಟದ ಅಂಚು. ರಸ್ತೆಯಲ್ಲೇ ಸಾಗರ ಸೇರುತ್ತೇನೆ ಎನ್ನುವವರು ಸುಮಾರು 80 ಕಿಲೋಮೀಟರು ಸುತ್ತಬೇಕಾಗಿತ್ತು. ಆದ್ದರಿಂದ ಜನರ ಬಾಯಲ್ಲಿ ಅದು ದ್ವೀಪವೇ ಆಯಿತು. ತಾಲ್ಲೂಕು ಕಚೇರಿ, ಆಸ್ಪತ್ರೆ, ಕಾಲೇಜು, ಅಡಿಕೆ ಮಂಡಿ ಎಲ್ಲವೂ ನೀರಿನ ಆಚೆ.

ಯಾರ ಗದ್ದೆ, ಯಾರಿಗೆ ಪರಿಹಾರ

ಮುಳುಗಡೆಯ ನೋವು ಎಲ್ಲರಿಗೂ ಒಂದೇ ಆಗಿದ್ದರೂ ಅದರ ಪರಿಹಾರ ಒಂದೇ ಆಗಿರಲಿಲ್ಲ. ಇದನ್ನು ತಿಳಿಯಲು ಆ ಕಾಲದ ಸಾಗರ ತಾಲ್ಲೂಕಿನ ಜಮೀನಿನ ಸ್ಥಿತಿ ನೋಡಬೇಕು. 1951ರಲ್ಲಿ ಇದೇ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದರು. ಗೇಣಿ ಅಳೆಯುವ ಕೊಳಗದ ಗಾತ್ರದ ಜಗಳದಿಂದ ಹುಟ್ಟಿದ ಆ ಚಳವಳಿಗೆ ಎಚ್. ಗಣಪತಿಯಪ್ಪನವರಂಥವರು ಮುಂದಾಳುಗಳಾದರು. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಗದ್ದೆ ಉಳುವವನೊಬ್ಬ, ಕಾಗದದಲ್ಲಿ ಅದರ ಒಡೆಯನೊಬ್ಬ ಎಂಬುದು ಆಗಿನ ಸಾಮಾನ್ಯ ಸ್ಥಿತಿ.

ಉಳುವವನೇ ಹೊಲದೊಡೆಯ ಎಂಬ ತತ್ವ ಕರ್ನಾಟಕದಲ್ಲಿ ಬಿಗಿಯಾಗಿ ಜಾರಿಗೆ ಬಂದದ್ದು ಭೂಸುಧಾರಣಾ ಕಾಯ್ದೆಗೆ 1974ರಲ್ಲಿ ತಿದ್ದುಪಡಿ ಆದ ಮೇಲೆ. ಶರಾವತಿಯ ಗದ್ದೆಗಳು ಅದಕ್ಕೆ ಹತ್ತು ವರ್ಷ ಮೊದಲೇ ನೀರಿನಡಿ ಹೋಗಿದ್ದವು. ದಾಖಲೆಯಲ್ಲಿ ಹೆಸರಿಲ್ಲದ ಗೇಣಿದಾರನಿಗೆ ಜಮೀನಿನ ಬೆಲೆ ಕೇಳುವ ಹಕ್ಕಿರಲಿಲ್ಲ. ಕಾಗೋಡಿನ ಸುತ್ತಮುತ್ತ ಉಳಿದ ಗೇಣಿದಾರ ಮುಂದೆ ತಾನು ಉತ್ತ ಗದ್ದೆಗೆ ಒಡೆಯನಾದ. ಮುಳುಗಡೆಯಾದ ಹಳ್ಳಿಯ ಗೇಣಿದಾರನಿಗೆ ಆ ದಿನ ಬಂದಾಗ ಕೇಳಲು ಗದ್ದೆಯೇ ಇರಲಿಲ್ಲ.

ಮನೆ ಬಿಟ್ಟು ಹೊರಟ ಸಾವಿರಾರು ಕುಟುಂಬಗಳಿಗೆ ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ತಾಲ್ಲೂಕುಗಳ ಕಾಡಿನಲ್ಲಿ ಜಾಗ ತೋರಿಸಲಾಯಿತು. ಲಾರಿಗಳಲ್ಲಿ ಸಾಮಾನು, ದನಕರು ಹೇರಿಕೊಂಡು ಅವರು ಅಲ್ಲಿ ಇಳಿದರು. ಕಾಡು ಕಡಿದು ಗದ್ದೆ ಮಾಡಿಕೊಂಡರು. ಆ ನೆಲವನ್ನು ಅರಣ್ಯದ ದಾಖಲೆಯಿಂದ ತೆಗೆದು ಕಂದಾಯ ದಾಖಲೆಗೆ ಸೇರಿಸುವ ಕೆಲಸ ಮಾತ್ರ ಎಷ್ಟೋ ಕಡೆ ಪೂರ್ತಿಯಾಗಲಿಲ್ಲ. 1980ರಲ್ಲಿ ಕೇಂದ್ರದ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದಕ್ಕೆ ದೆಹಲಿಯ ಒಪ್ಪಿಗೆಯೂ ಬೇಕಾಯಿತು. ರಾಜ್ಯ ಸರ್ಕಾರ ಆ ಒಪ್ಪಿಗೆ ಇಲ್ಲದೆಯೇ ಹೊರಡಿಸಿದ್ದ ಅಧಿಸೂಚನೆಗಳನ್ನು 2021ರಲ್ಲಿ ಹೈಕೋರ್ಟ್ ರದ್ದುಪಡಿಸಿತು. ಅಜ್ಜನಿಗೆ ಸರ್ಕಾರವೇ ತೋರಿಸಿದ ಜಾಗದಲ್ಲಿ ಮೊಮ್ಮಗ ಅರಣ್ಯ ಒತ್ತುವರಿದಾರ ಎನಿಸಿಕೊಳ್ಳುವ ವಿಚಿತ್ರ ಸನ್ನಿವೇಶ ಹೀಗೆ ಉಂಟಾಯಿತು.

ಊರು ಬಿಡಲು ಮನಸ್ಸಾಗದವರು, ಸ್ವಲ್ಪ ಜಮೀನು ಮುಳುಗಿ ಸ್ವಲ್ಪ ಉಳಿದವರು, ಎತ್ತರದ ಹಳ್ಳಿಗಳಲ್ಲಿದ್ದವರು ಹಿನ್ನೀರಿನ ಆಚೆಯೇ ನಿಂತರು. ಇಂದಿನ ದ್ವೀಪವಾಸಿಗಳು ಇವರ ಮಕ್ಕಳು, ಮೊಮ್ಮಕ್ಕಳು.

ದೀಪದ ಬುಡದಲ್ಲಿ

1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಸ್ಥಾವರ ಆರಂಭವಾಗುವವರೆಗೆ ಕರ್ನಾಟಕ ತನ್ನ ವಿದ್ಯುತ್ತಿಗೆ ಮುಖ್ಯವಾಗಿ ನಂಬಿದ್ದದ್ದು ಹೊಳೆಗಳನ್ನು, ಅದರಲ್ಲೂ ಶರಾವತಿಯನ್ನು. ವಿದುರಾಶ್ವತ್ಥದ ಪಕ್ಕದ ಉತ್ತರ ಪಿನಾಕಿನಿ ಬೇಸಿಗೆಯಲ್ಲಿ ಬರೀ ಮರಳಾಗಿ ಮಲಗಿರುತ್ತದೆ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ರೈತ ಬಾವಿಯ ನೀರನ್ನು ಮೇಲೆತ್ತಬೇಕಾದರೆ ಪಂಪ್‌ಸೆಟ್ಟು ಬೇಕು, ಪಂಪ್‌ಸೆಟ್ಟಿಗೆ ಕರೆಂಟು ಬೇಕು. ಆ ಕರೆಂಟಿನ ದೊಡ್ಡ ಪಾಲು ಬರುತ್ತಿದ್ದ ರಾಜ್ಯದ ಜಾಲಕ್ಕೆ ಬೆನ್ನೆಲುಬಾಗಿದ್ದದ್ದು ಶರಾವತಿ. ನೀರಿಲ್ಲದ ಬಯಲುಸೀಮೆಗೆ ನೀರೆತ್ತುವ ಶಕ್ತಿ ಬಂದದ್ದು, ನೀರು ಹೆಚ್ಚಾಗಿ ಮುಳುಗಿದ ಕಣಿವೆಯಿಂದ.

ಇತ್ತ ಹಿನ್ನೀರಿನ ದಡದ ಹಳ್ಳಿಗಳಲ್ಲಿ ಮುಳುಗಡೆಯ ಬಳಿಕವೂ ಬಹುಕಾಲ ಸೀಮೆಎಣ್ಣೆ ದೀಪಗಳೇ ಉರಿಯುತ್ತಿದ್ದವು. ನಾಡಿಗೆ ಬೆಳಕು ಕೊಟ್ಟವರು ಕತ್ತಲಲ್ಲಿದ್ದಾರೆ ಎಂಬ ಮಾತು ಸಾಗರದ ಸಭೆ, ಚಳವಳಿಗಳಲ್ಲಿ ಮತ್ತೆ ಮತ್ತೆ ಕೇಳಿಬಂತು. ಕಂಬ, ತಂತಿ ಬಂದ ಮೇಲೂ ಕಾಡಿನ ನಡುವಿನ ಆ ಮಾರ್ಗದಲ್ಲಿ ಮಳೆಗಾಲದಲ್ಲಿ ಮರ ಬಿದ್ದರೆ ದಿನಗಟ್ಟಲೆ ಕತ್ತಲೆ. ಮುಂದೆ ಮೊಬೈಲ್ ದೂರವಾಣಿ ನಾಡೆಲ್ಲ ಹಬ್ಬಿದಾಗಲೂ ಸಿಗ್ನಲ್ಲಿಗಾಗಿ ಗುಡ್ಡ ಹತ್ತುವ ಸ್ಥಿತಿ ಇಲ್ಲಿ ಉಳಿಯಿತು.

ಇದೆಲ್ಲಕ್ಕಿಂತ ಮುಖ್ಯವಾದದ್ದು ಲಾಂಚ್. ದ್ವೀಪದ ದಿನಚರಿಯನ್ನು ನಿರ್ಧರಿಸುತ್ತಿದ್ದದ್ದು ಗಡಿಯಾರವಲ್ಲ, ಲಾಂಚಿನ ವೇಳೆ. ಕಾಲೇಜಿಗೆ ಹೋಗುವ ಹುಡುಗರು ಬೆಳಗಿನ ಲಾಂಚ್ ಹಿಡಿಯಬೇಕು, ಇಲ್ಲವೇ ಸಾಗರದಲ್ಲಿ ಕೋಣೆ ಮಾಡಿಕೊಂಡಿರಬೇಕು. ಅಡಿಕೆ ಮಾರಲು ಹೋದವನು ಮಧ್ಯಾಹ್ನವೇ ಮರಳುವ ಲೆಕ್ಕ ಹಾಕಬೇಕು. ರಾತ್ರಿ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಎದೆನೋವು ಕಾಣಿಸಿಕೊಂಡರೆ ಮನೆಯವರು ಮೊದಲು ಕೇಳುತ್ತಿದ್ದದ್ದು ವೈದ್ಯರು ಎಲ್ಲಿದ್ದಾರೆ ಎಂದಲ್ಲ, ಹೊಳೆ ದಾಟಿಸುವವರು ಯಾರಿದ್ದಾರೆ ಎಂದು. ದ್ವೀಪದ ಮನೆಗಳಿಗೆ ಹೆಣ್ಣು ಕೊಡಲು ಆಚೆ ದಡದವರು ಹಿಂದೆಮುಂದೆ ನೋಡುತ್ತಿದ್ದುದಕ್ಕೆ ಇದೇ ಕಾರಣ.

ಸಿಗಂದೂರು ಚೌಡೇಶ್ವರಿಯ ಸನ್ನಿಧಿಗೆ ಭಕ್ತರ ದಂಡು ಬರತೊಡಗಿದ ಮೇಲೆ ಲಾಂಚಿನ ಸರದಿ ಇನ್ನೂ ಉದ್ದವಾಯಿತು. ಹಬ್ಬ, ರಜೆಗಳಲ್ಲಿ ದೂರದೂರಿನ ವಾಹನಗಳ ಸಾಲಿನಲ್ಲಿ ದ್ವೀಪದವರೇ ತಮ್ಮ ಮನೆಗೆ ಹೋಗಲು ಕಾಯುವಂತಾಯಿತು. ಮಳೆ ಕೈಕೊಟ್ಟ ವರ್ಷಗಳಲ್ಲಿ ಇನ್ನೊಂದು ಬಗೆಯ ಕಷ್ಟ. 2023ರ ಜೂನ್ ತಿಂಗಳಿನಲ್ಲಿ ನೀರಿನ ಮಟ್ಟ ತೀರ ಕೆಳಗಿಳಿದು ಲಾಂಚಿಗೆ ವಾಹನ ಹತ್ತಿಸುವುದನ್ನೇ ನಿಲ್ಲಿಸಬೇಕಾಯಿತು. ನೀರು ಹೆಚ್ಚಿದ್ದಕ್ಕೆ ದ್ವೀಪವಾದವರು ನೀರು ಕಡಿಮೆಯಾದಾಗ ಮತ್ತಷ್ಟು ದೂರವಾದರು.

ಬೇಸಿಗೆಯಲ್ಲಿ ಏಳುವ ಹಳೆಯ ಊರು

ಜಲಾಶಯದ ನೀರು ಹೀಗೆ ಇಳಿದಾಗ ಹಳೆಯ ಕಣಿವೆ ಸ್ವಲ್ಪ ಹೊತ್ತು ಕಣ್ಣಿಗೆ ಬೀಳುತ್ತದೆ. ನೀರಿನಲ್ಲಿ ಕೊಳೆಯದೆ ನಿಂತ ಮರದ ಬೊಡ್ಡೆಗಳು, ಹಳೆಯ ರಸ್ತೆಯ ಗುರುತು, ಕಲ್ಲಿನ ಕಟ್ಟೆಗಳು ಕೆಸರಿನಿಂದ ಮೇಲೆದ್ದು ಬರುತ್ತವೆ. ಮಟ್ಟ ಬಹಳ ಇಳಿದ ವರ್ಷ ಹಿರೇಭಾಸ್ಕರ ಅಣೆಕಟ್ಟು ತನ್ನ ಸೈಫನ್‌ಗಳ ಸಮೇತ ಕಾಣಿಸಿಕೊಳ್ಳುತ್ತದೆ. ಅದನ್ನು ನೋಡಲು ಜನ ದೂರದಿಂದ ಬರುತ್ತಾರೆ. ಮುಂದಿನ ಮಳೆಗಾಲಕ್ಕೆ ಎಲ್ಲವೂ ಮತ್ತೆ ನೀರಿನಡಿ.

ಈ ಕಣಿವೆಯ ನೆನಪನ್ನು ಕನ್ನಡ ಓದುಗರ ಮನಸ್ಸಿನಲ್ಲಿ ಉಳಿಸಿದವರು ಸಾಗರದ ಕಾದಂಬರಿಕಾರ ನಾ. ಡಿಸೋಜ. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯನ್ನು ಒಳಗಿನಿಂದಲೇ ಕಂಡ ಅವರು ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳನ್ನು ಬರೆದರು. ಏರುವ ನೀರಿನ ನಡುವೆ ಗುಡ್ಡದ ಮೇಲಿನ ಮನೆ ಬಿಟ್ಟು ಕದಲದ ಕುಟುಂಬವೊಂದರ ಕಥೆ ‘ದ್ವೀಪ’. ಅದನ್ನು ಗಿರೀಶ ಕಾಸರವಳ್ಳಿಯವರು ಚಲನಚಿತ್ರವಾಗಿಸಿದಾಗ ಅದಕ್ಕೆ ದೇಶದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ದೊರಕಿತು. 2014ರಲ್ಲಿ ಮಡಿಕೇರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಡಿಸೋಜ ಅವರು 2025ರ ಜನವರಿಯಲ್ಲಿ ತೀರಿಕೊಂಡರು. ತಾವು ಬರೆದ ಹಿನ್ನೀರಿನ ಮೇಲೆ ಸೇತುವೆ ತೆರೆಯುವುದನ್ನು ನೋಡಲು ಆರು ತಿಂಗಳು ಸಾಲಲಿಲ್ಲ.

ಸೇತುವೆಯ ಆಚೆ

ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಸೇತುವೆ ಬೇಕೆಂಬುದು ದಶಕಗಳ ಬೇಡಿಕೆ. ಮನವಿ, ಪಾದಯಾತ್ರೆ, ಧರಣಿಗಳ ಬಳಿಕ 2018ರಲ್ಲಿ ಶಂಕುಸ್ಥಾಪನೆಯಾಗಿ, ನಾನೂರು ಕೋಟಿ ರೂಪಾಯಿಗೂ ಮೀರಿದ ವೆಚ್ಚದಲ್ಲಿ ರಾಷ್ಟ್ರೀಯ ಹೆದ್ದಾರಿಯ ಭಾಗವಾಗಿ ಅದು ಪೂರ್ಣಗೊಂಡಿತು. ಹೊಳೆ ದಾಟಲು ಗಂಟೆಗಟ್ಟಲೆ ಕಾಯುತ್ತಿದ್ದವರು ಈಗ ಕೆಲವೇ ನಿಮಿಷಗಳಲ್ಲಿ ಆಚೆ ದಡ ಸೇರುತ್ತಾರೆ. ಆಂಬುಲೆನ್ಸ್ ರಾತ್ರಿಯೂ ಬರುತ್ತದೆ.

ಸೇತುವೆಯಿಂದ ತುಮರಿ ಮತ್ತೆ ಸಾಗರ ತಾಲ್ಲೂಕಿಗೆ ಸೇರಿದಂತಾಯಿತು. ಮುಳುಗಿದ ಗದ್ದೆಗಳೇನೂ ಇದರಿಂದ ಮೇಲೇಳುವುದಿಲ್ಲ. ಕಾಡಿನಲ್ಲಿ ಇಳಿಸಲ್ಪಟ್ಟವರ ಹಕ್ಕುಪತ್ರದ ಪ್ರಶ್ನೆಯೂ ಇದರಿಂದ ಬಗೆಹರಿಯುವುದಿಲ್ಲ. ನೀರು ತುಂಬಿಸುವ ಅಣೆಕಟ್ಟು ಕೆಲವೇ ವರ್ಷಗಳಲ್ಲಿ ಸಿದ್ಧವಾಯಿತು, ಆ ನೀರನ್ನು ದಾಟಿಸುವ ಸೇತುವೆಗೆ ಅರವತ್ತು ವರ್ಷ ಹಿಡಿಯಿತು ಎಂಬ ಲೆಕ್ಕವನ್ನು ಹಿನ್ನೀರಿನ ಹಿರಿಯರು ಮರೆಯಲಾರರು. ಮುಂದೆ ಯಾವ ಕಣಿವೆಗೆ ಯಾವ ಯೋಜನೆ ಬಂದರೂ ವಿದ್ಯುತ್ತಿನ ಮೆಗಾವಾಟ್ ಲೆಕ್ಕದ ಪಕ್ಕದಲ್ಲಿ ಈ ಲೆಕ್ಕವನ್ನೂ ಬರೆದಿಡುವುದು ಒಳ್ಳೆಯದು.